ಕೈ ತಡೆಯುವ ವಿದ್ಯೆ
ಹೊಸ ಮೆಟಲ್ ಡಿಟೆಕ್ಟರ್ ಹಿಡಿದವರು ಮೊದಲು ಕಿವಿಯನ್ನು ಪಳಗಿಸಬೇಕು. ಅದರ ತುದಿಯ ಸುರುಳಿಯನ್ನು ನೆಲಕ್ಕೆ ತೀರಾ ಹತ್ತಿರ, ಸಮಾನಾಂತರವಾಗಿ, ನಿಧಾನಕ್ಕೆ ಬೀಸಬೇಕು. ಮಣ್ಣಿನ ಖನಿಜಗಳು ಎಬ್ಬಿಸುವ ಗದ್ದಲವನ್ನು ಗ್ರೌಂಡ್ ಬ್ಯಾಲೆನ್ಸ್ ಮಾಡಿ ಅಡಗಿಸಬೇಕು. ತುಕ್ಕು ಹಿಡಿದ ಮೊಳೆ ಒಡಕು ದನಿಯಲ್ಲಿ ಗೊರಗುಟ್ಟುತ್ತದೆ. ಬೆಳ್ಳಿ ನಾಣ್ಯ ಯಾವ ಕಡೆಯಿಂದ ಬೀಸಿದರೂ ಸಾಮಾನ್ಯವಾಗಿ ಸ್ಪಷ್ಟವಾಗಿ ಉಲಿಯುತ್ತದೆ. ತೆಳು ಚಿನ್ನಕ್ಕೂ ಅಲ್ಯೂಮಿನಿಯಂ ಹಾಳೆಗೂ ಮಾತ್ರ ಸಂಕೇತ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಸವನ್ನು ಸೋಸುವ ಡಿಸ್ಕ್ರಿಮಿನೇಷನ್ ಗುಂಡಿಯನ್ನು ಹೊಸಬರು ಅತಿಯಾಗಿ ತಿರುಗಿಸದಿರುವುದೇ ಒಳ್ಳೆಯದು. ಆದರೆ ಎಲ್ಲಕ್ಕಿಂತ ಕಷ್ಟದ ವಿದ್ಯೆ, ಸಿಕ್ಕಾಗ ಕೈ ತಡೆಯುವುದು. 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹಾಕ್ಸನ್ ಹಳ್ಳಿಯ ಹೊಲದಲ್ಲಿ ಎರಿಕ್ ಲಾಸ್ ಎಂಬುವರು ಪರಿಚಿತ ರೈತರೊಬ್ಬರ ಕಳೆದುಹೋದ ಸುತ್ತಿಗೆ ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ ನಾಣ್ಯಗಳು, ಬೆಳ್ಳಿ ಚಮಚಗಳು. ಒಂದಿಷ್ಟು ಅಗೆದವರು ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಪುರಾತತ್ವಜ್ಞರು ಮರುದಿನವೇ ಬಂದು ಅಗೆದಿದ್ದರಿಂದ ಸುಮಾರು 15,000 ನಾಣ್ಯಗಳ ಜೊತೆಗೆ ಅವನ್ನಿಟ್ಟಿದ್ದ ಮರದ ಪೆಟ್ಟಿಗೆಯ ಕುರುಹು, ಒಳಗೆ ಜೋಡಿಸಿದ್ದ ಕ್ರಮ ಎಲ್ಲವೂ ದಕ್ಕಿದವು. ಆ ಸುತ್ತಿಗೆಯೂ ಸಿಕ್ಕಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಭಾರತದ 1878ರ ನಿಧಿ ಕಾಯ್ದೆಯ ಪ್ರಕಾರವೂ, ನೆಲದಲ್ಲಿ ಹುದುಗಿದ್ದ ನಿಧಿ 10 ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಲೇಬೇಕು.