ಸೈಕಲ್ಲಿಗಿಂತ ಮೊದಲು ಸವಾರನಿಗೆ ವಿಮೆ

ಧಾರವಾಡದಿಂದ ಸವದತ್ತಿಯ ಕಡೆಗೆ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಅಮ್ಮಿನಬಾವಿ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದ ನಿವಾಸಿಗಳಿಗೆ ಈ ಊರಿನ ಹೆಸರು ಪರಿಚಿತವಾಗಿರುವುದು ಬಹುಮಟ್ಟಿಗೆ ನಲ್ಲಿಯ ನೀರಿನ ಕಾರಣದಿಂದ. ಮಲಪ್ರಭೆಯ ನೀರು ಇಲ್ಲಿನ ಶುದ್ಧೀಕರಣ ಘಟಕವನ್ನು ಹಾದು ಅವಳಿ ನಗರಕ್ಕೆ ಬರುತ್ತದೆ. ನೀರು ಬಾರದ ದಿನ ಪತ್ರಿಕೆಗಳಲ್ಲಿ ಅಮ್ಮಿನಬಾವಿಯ ಹೆಸರು ಕಾಣಿಸಿಕೊಳ್ಳುತ್ತದೆ. ಆದರೆ ಬೆಳಗಿನ ಹೊತ್ತು ಈ ರಸ್ತೆಯ ಅಂಚಿನಲ್ಲಿ ಅರ್ಧ ತಾಸು ನಿಂತವರಿಗೆ ಇನ್ನೊಂದು ಸಂಗತಿಯೂ ಗೋಚರಿಸೀತು. ಹಾಲಿನ ಕ್ಯಾನು ಕಟ್ಟಿಕೊಂಡವರು, ಗೌಂಡಿ ಕೆಲಸಕ್ಕೆ ಹೊರಟವರು, ಬೆನ್ನಿಗೆ ಪಾಟೀಚೀಲ ಹಾಕಿಕೊಂಡ ಹೈಸ್ಕೂಲಿನ ಹುಡುಗ ಹುಡುಗಿಯರು, ಇವರಲ್ಲಿ ಅನೇಕರು ಇಂದಿಗೂ ಸೈಕಲ್ ಸವಾರರು. ಅದೇ ರಸ್ತೆಯಲ್ಲಿ ಬಸ್ಸು, ಹೇರು ತುಂಬಿದ ಟ್ರ್ಯಾಕ್ಟರ್, ಮರಳಿನ ಲಾರಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ವಾಹನಗಳ ಸಾಲು ಬೇರೆ. ಇಷ್ಟು ವಾಹನಗಳ ಪೈಕಿ ಕಾನೂನಿನ ಪ್ರಕಾರ ವಿಮೆಯಿಲ್ಲದೆ ರಸ್ತೆಗೆ ಇಳಿಯಬಹುದಾದದ್ದು ಸೈಕಲ್ ಮತ್ತು ಚಕ್ಕಡಿ ಮಾತ್ರ.

ಇದರಲ್ಲಿ ಆಶ್ಚರ್ಯವೇನಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 146ನೇ ಕಲಮು ಮೂರನೆಯ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿರುವುದು ಮೋಟಾರು ವಾಹನಗಳಿಗೆ. ಕಾಲಿನಿಂದ ತುಳಿದು ನಡೆಸುವ ಸೈಕಲ್ ಆ ವ್ಯಾಖ್ಯೆಗೆ ಒಳಪಡುವುದಿಲ್ಲ. ಒಳಪಡಬೇಕೆಂದು ನಾನು ವಾದಿಸುವವನೂ ಅಲ್ಲ. ಬಡವನ ವಾಹನಕ್ಕೆ ಇನ್ನೊಂದು ಕಾಗದ, ಇನ್ನೊಂದು ದಂಡ, ಇನ್ನೊಬ್ಬ ತಪಾಸಣಾಧಿಕಾರಿ ಬೇಡವೇ ಬೇಡ. ಹಿಂದೊಮ್ಮೆ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಹಾಕಿ ತಗಡಿನ ಬಿಲ್ಲೆ ಕೊಡುತ್ತಿದ್ದುದನ್ನು ನನ್ನ ವಯಸ್ಸಿನ ಓದುಗರು ಬಲ್ಲರು. ಬಂದ ಹಣಕ್ಕಿಂತ ವಸೂಲಿಯ ಖರ್ಚೇ ಹೆಚ್ಚಾಗುವಂಥ ತೆರಿಗೆ ಅದು. ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಬಿಲ್ಲೆಯಿಂದ ಒಂದು ಉಪಕಾರವಿತ್ತು. ಸೈಕಲ್ ಯಾರದೆಂಬುದಕ್ಕೆ ಕಚೇರಿಯಲ್ಲಿ ಒಂದು ದಾಖಲೆ ಇರುತ್ತಿತ್ತು. ಇಂದು ಕಳುವಾದ ಸೈಕಲ್ ತನ್ನದೆಂದು ರುಜುವಾತುಪಡಿಸುವುದು ಹೆಚ್ಚಿನವರಿಗೆ ಸಾಧ್ಯವಿಲ್ಲ.

ಈ ಮಾತು ಮೊದಲಿಗೆ ಅನ್ವಯಿಸುವುದು ಅಮ್ಮಿನಬಾವಿಯ ಹಾಲಿನವನಿಗಲ್ಲ, ಈ ಪುಟವನ್ನು ಓದುತ್ತಿರುವ ನಗರದ ಸೈಕಲ್ ಸವಾರರಿಗೆ. ಕೆಲಗೇರಿ ಕೆರೆಯ ಸುತ್ತ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಮುಂಜಾನೆ ಕಾಣುವ ಗೇರಿನ ಸೈಕಲ್ಲುಗಳ ಬೆಲೆ ಮೂವತ್ತು ಸಾವಿರದಿಂದ ಲಕ್ಷದವರೆಗೂ ಹೋಗುತ್ತದೆ. ಇವಕ್ಕೆ ವಿಮೆ ಬೇಕೆಂದು ಬಯಸುವುದು ವಿವೇಕವೇ. ಮನೆಗೆ ವಿಮೆ ಮಾಡಿಸಿದ್ದೇನೆ, ಸೈಕಲ್ಲೂ ಅದರಲ್ಲಿ ಬಂತು ಎಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ಅವರು ಪಾಲಿಸಿಯನ್ನು ಒಮ್ಮೆ ತೆರೆದು ನೋಡುವುದು ಒಳಿತು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ನೀಡಬೇಕಾಗಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು ಬೆಂಕಿ, ನೆರೆ, ಸಿಡಿಲು, ಭೂಕಂಪ ಮೊದಲಾದವುಗಳಿಂದ ಮನೆಗೂ ಮನೆಯ ಸಾಮಾನಿಗೂ ಆಗುವ ಹಾನಿಯನ್ನು ಭರಿಸುತ್ತದೆ. ಕಳವಿನ ಮಾತು ಬೇರೆ. ಇಂಥ ಅವಘಡ ಸಂಭವಿಸಿದ ಏಳು ದಿನಗಳೊಳಗೆ, ಅದರಿಂದಾಗಿಯೇ ನಡೆದ ಕಳವಿಗಷ್ಟೇ ಆ ಪಾಲಿಸಿಯಲ್ಲಿ ಪರಿಹಾರವಿದೆ. ಸುಮ್ಮನೆ ಒಂದು ರಾತ್ರಿ ಕಾಂಪೌಂಡಿನಿಂದ ಸೈಕಲ್ ಮಾಯವಾದರೆ ಅದು ನೆರವಿಗೆ ಬರುವುದಿಲ್ಲ.

ಸೈಕಲ್ಲಿಗೆಂದೇ ಇರುವ ರಕ್ಷಣೆ ಸಿಗುವುದು ಗೃಹಸ್ಥರ ಪ್ಯಾಕೇಜ್ ಪಾಲಿಸಿ ಎಂದು ಕರೆಯಲಾಗುವ ಹಳೆಯ ಮಾದರಿಯ ವಿಮೆಯಲ್ಲಿ. ಅದರಲ್ಲಿ ಒಡವೆ, ಟಿ.ವಿ., ಪ್ರಯಾಣದ ಸಾಮಾನು ಇವುಗಳಂತೆ ಪೆಡಲ್ ಸೈಕಲ್ಲಿಗೂ ಒಂದು ಪ್ರತ್ಯೇಕ ವಿಭಾಗವಿರುತ್ತದೆ. ಆ ವಿಭಾಗವನ್ನು ಕೇಳಿ ಸೇರಿಸಿಕೊಳ್ಳಬೇಕು, ಅದಕ್ಕೆ ಬೇರೆಯಾಗಿ ಕಂತು ಕಟ್ಟಬೇಕು. ಕಳವು, ಬೆಂಕಿ, ಗಲಭೆ, ಆಕಸ್ಮಿಕ ಜಖಂ ಇವೆಲ್ಲ ಸಾಮಾನ್ಯವಾಗಿ ಅದರಲ್ಲಿ ಬರುತ್ತವೆ. ನಿಮ್ಮ ಸೈಕಲ್ ತಾಗಿ ಬೇರೆಯವರಿಗೆ ಪೆಟ್ಟಾದರೆ ಅದರ ಹೊಣೆಗೂ ಒಂದು ಮಿತಿಯವರೆಗೆ ಪರಿಹಾರವುಂಟು. ಹಳೆಯ ಮಾದರಿಯಲ್ಲಿ ಈ ಮಿತಿ ಹತ್ತು ಸಾವಿರ ರೂಪಾಯಿಯಷ್ಟು ಕಡಿಮೆ ಇರುವುದುಂಟು. ಏನೇನು ಬರುವುದಿಲ್ಲ ಎಂಬ ಪಟ್ಟಿಯನ್ನೇ ಹೆಚ್ಚು ಎಚ್ಚರದಿಂದ ಓದಬೇಕು. ಸೈಕಲ್ ಉಳಿದು ಅದರ ದೀಪ, ಮೀಟರು, ಸೀಟು ಮಾತ್ರ ಕಳುವಾದರೆ ಪರಿಹಾರವಿಲ್ಲ. ಸ್ಪರ್ಧೆಯಲ್ಲಿ ಓಡಿಸುವಾಗ ಆದ ಹಾನಿ ಸೇರುವುದಿಲ್ಲ. ಬಾಡಿಗೆಗೆ ಕೊಟ್ಟಾಗ, ಎರವಲು ಕೊಟ್ಟಾಗ ಆದದ್ದೂ ಇಲ್ಲ. ಸವಕಳಿ ಕಳೆದು ಹಣ ಕೊಡುತ್ತಾರೋ, ಹೊಸ ಸೈಕಲ್ಲಿನ ಬೆಲೆ ಕೊಡುತ್ತಾರೋ ಎಂಬುದನ್ನು ಕಂತು ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು. ಕೊಂಡ ರಸೀದಿಯನ್ನು ಜೋಪಾನವಾಗಿಡಬೇಕು. ಪೆಡಲಿನ ಅಚ್ಚಿನ ಕೆಳಭಾಗದಲ್ಲೋ ಸೀಟಿನ ಕೊಳವೆಯ ಮೇಲೋ ಕೊರೆದಿರುವ ಚೌಕಟ್ಟಿನ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಬೇಕು. ಹಳೆಯ ತಗಡಿನ ಬಿಲ್ಲೆ ಮಾಡುತ್ತಿದ್ದ ಕೆಲಸವನ್ನು ಈಗ ಈ ಸಂಖ್ಯೆ ಮಾಡಬೇಕಾಗಿದೆ. ಪೊಲೀಸ್ ದೂರಿನಲ್ಲಿ ಅದು ನಮೂದಾಗದಿದ್ದರೆ ಸರ್ವೇಯರನನ್ನು ಒಪ್ಪಿಸುವುದು ಕಷ್ಟ.

ಐದಾರು ಸಾವಿರ ರೂಪಾಯಿಯ ಸಾದಾ ಸೈಕಲ್ಲಿನ ಲೆಕ್ಕ ಹೀಗಿಲ್ಲ. ಅದಕ್ಕೆ ವಿಮೆ ಮಾರುವುದರಲ್ಲಿ ಕಂಪನಿಗೂ ಲಾಭವಿಲ್ಲ, ಕೊಳ್ಳುವುದರಲ್ಲಿ ಮಾಲೀಕನಿಗೂ ಲಾಭವಿಲ್ಲ. ಪಾಲಿಸಿ ಬರೆಯುವ, ಕ್ಲೇಮು ಪರಿಶೀಲಿಸುವ, ಹಳ್ಳಿಗೆ ಒಬ್ಬ ಸರ್ವೇಯರನನ್ನು ಕಳಿಸುವ ಖರ್ಚು ಸೈಕಲ್ಲಿನ ಬೆಲೆಯನ್ನೇ ಮುಟ್ಟೀತು. ಆ ಖರ್ಚನ್ನೆಲ್ಲ ಕಂತಿಗೆ ಸೇರಿಸಿದರೆ ಯಾರೂ ಕೊಳ್ಳುವುದಿಲ್ಲ. ಅರ್ಥಶಾಸ್ತ್ರದ ಪಾಠಗಳಲ್ಲಿ ವಿಮೆಯ ಮೂಲತತ್ತ್ವವನ್ನು ಹೇಳುವಾಗ, ಕುಟುಂಬವು ತಾನೇ ತಾಳಿಕೊಳ್ಳಬಲ್ಲ ನಷ್ಟಕ್ಕೆ ವಿಮೆ ಬೇಡ, ತಾಳಿಕೊಳ್ಳಲಾಗದ ನಷ್ಟಕ್ಕೆ ಬೇಕು ಎಂದು ವಿವರಿಸುವುದುಂಟು. ಸೈಕಲ್ ಹೋದರೆ ಕೂಲಿಯವನಿಗೆ ನೋವಾಗುತ್ತದೆ, ನಿಜ. ಒಂದು ಹಳೆಯ ಸೈಕಲ್ ಹುಡುಕಿಕೊಂಡು ಅವನು ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಕಾಲು ಹೋದರೆ ಮನೆಯೇ ಮುಳುಗುತ್ತದೆ. ಅಂದಮೇಲೆ ಇಲ್ಲಿ ವಿಮೆ ಬೇಕಾಗಿರುವುದು ಸೈಕಲ್ಲಿಗಲ್ಲ, ಅದರ ಮೇಲೆ ಕುಳಿತವನಿಗೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಸೈಕಲ್ ಸವಾರರ ಸಂಖ್ಯೆ ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ನಾಲ್ಕು ಸಾವಿರಕ್ಕೂ ಹೆಚ್ಚು.

ಮೋಟಾರು ವಾಹನವೊಂದು ಬಡಿದು ಅಪಘಾತವಾಗಿದ್ದರೆ ಸೈಕಲ್ ಸವಾರನಿಗೆ ಆ ವಾಹನದ ವಿಮೆಯೇ ಆಸರೆ. ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬಹುದು. ಯಾರ ತಪ್ಪೆಂಬುದನ್ನು ಸಾಧಿಸದೆಯೇ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿಯೂ 2022ರ ಏಪ್ರಿಲ್‌ನಿಂದ ಇದೆ. ಗುದ್ದಿ ಓಡಿಹೋದ ವಾಹನದ ಗುರುತು ಸಿಗದಿದ್ದಾಗ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಕೊಡುವ ಕೇಂದ್ರದ ಯೋಜನೆಯಿದೆ. ಇದಕ್ಕೆ ಅರ್ಜಿ ಸಲ್ಲಿಸಬೇಕಾದದ್ದು ಕಂದಾಯ ಇಲಾಖೆಯ ಅಧಿಕಾರಿಗಳಿಗೆ. ಎಷ್ಟು ಮಂದಿಗೆ ಇದು ಗೊತ್ತು? ಅರ್ಹರಲ್ಲಿ ಅತ್ಯಲ್ಪ ಜನ ಮಾತ್ರ ಪರಿಹಾರ ಕೇಳುತ್ತಿದ್ದಾರೆಂಬುದನ್ನು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಮನಿಸಿ, ಈ ಯೋಜನೆಯ ವಿಚಾರವನ್ನು ನೊಂದವರಿಗೆ ಪೊಲೀಸರೇ ತಿಳಿಸಬೇಕೆಂದು ಆದೇಶಿಸಿತು. 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ ಆಸ್ಪತ್ರೆಯ ವೆಚ್ಚ ದೊರೆಯುತ್ತದೆ.

ಈ ಎಲ್ಲ ಸೌಲಭ್ಯಗಳಿಗೂ ಒಂದು ಷರತ್ತು ಸಮಾನವಾಗಿದೆ. ಅಪಘಾತದಲ್ಲಿ ಒಂದು ಮೋಟಾರು ವಾಹನ ಇರಲೇಬೇಕು. ನಮ್ಮ ಹಳ್ಳಿಯ ರಸ್ತೆಗಳಲ್ಲಿ ಸೈಕಲ್ ಸವಾರರು ಬೀಳುವುದೇನೂ ಯಾವಾಗಲೂ ಲಾರಿ ಬಡಿದೇ ಅಲ್ಲ. ಎರೆಭೂಮಿಯ ಸೀಮೆಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಹೊಲದಿಂದ ಬಂದ ಚಕ್ಕಡಿ, ಟ್ರ್ಯಾಕ್ಟರುಗಳ ಗಾಲಿಗೆ ಅಂಟಿದ ಕೆಸರು ಡಾಂಬರಿನ ಮೇಲೆ ಎಣ್ಣೆ ಸವರಿದಂತೆ ಹರಡಿರುತ್ತದೆ. ಗುಂಡಿ ಇದೆ, ಅಡ್ಡ ಬರುವ ಎಮ್ಮೆ ಇದೆ, ನಾಯಿ ಇದೆ. ಹೀಗೆ ತಾನಾಗಿ ಬಿದ್ದು ತಲೆಗೆ ಪೆಟ್ಟಾದವನಿಗೆ ನ್ಯಾಯಮಂಡಳಿಯಲ್ಲಿ ಎದುರಾಳಿಯೇ ಇಲ್ಲ.

ವಯಸ್ಕರಿಗೆ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವುದು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಮೊದಲು 12 ರೂಪಾಯಿ ಇದ್ದ ವಾರ್ಷಿಕ ಕಂತು 2022ರ ಜೂನ್‌ನಿಂದ 20 ರೂಪಾಯಿಯಾಗಿದೆ. ಅಪಘಾತದಿಂದ ಸಾವು ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ ಎರಡು ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಒಂದು ಲಕ್ಷ. ಮೊತ್ತ ದೊಡ್ಡದಲ್ಲ, ಆಸ್ಪತ್ರೆಯ ಖರ್ಚೂ ಇದರಲ್ಲಿ ಬರುವುದಿಲ್ಲ. ಆದರೂ ಒಂದು ಊಟದ ಬೆಲೆಗಿಂತ ಕಡಿಮೆ ಹಣಕ್ಕೆ ಸಿಗುವ ಈ ರಕ್ಷಣೆಯನ್ನು ಬಿಡುವುದು ಜಾಣತನವಲ್ಲ. ಜೂನ್ ಒಂದರ ಹೊತ್ತಿಗೆ ಬ್ಯಾಂಕ್ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ ಎಂಬುದನ್ನು ಮನೆಗೆಲಸದವರಿಗೆ, ಹಾಲು ಹಾಕುವವರಿಗೆ ನೆನಪಿಸುವುದು ಓದುಬರಹ ಬಲ್ಲ ನಮ್ಮಂಥವರು ಮಾಡಬಹುದಾದ ಕೆಲಸ. ಇನ್ನೊಂದು ಮಾತನ್ನೂ ಹೇಳಬೇಕು. ರಸ್ತೆ ಅಪಘಾತವಾದರೆ ಪೊಲೀಸ್ ಠಾಣೆಗೆ ವರದಿ ಮಾಡಲೇಬೇಕು. ತಾನೇ ಬಿದ್ದದ್ದಕ್ಕೆ ದೂರೇಕೆ ಎಂದು ಹಳ್ಳಿಯವರು ಸುಮ್ಮನಿರುತ್ತಾರೆ. ಅಲ್ಲಿಗೆ ಪರಿಹಾರದ ಬಾಗಿಲು ಮುಚ್ಚುತ್ತದೆ.

ಈ ಯೋಜನೆ ಹದಿನೆಂಟರಿಂದ ಎಪ್ಪತ್ತು ವರ್ಷದವರಿಗೆ ಮೀಸಲು. ನನ್ನನ್ನು ಬಾಧಿಸುತ್ತಿರುವ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಅಮ್ಮಿನಬಾವಿ, ಮರೇವಾಡ, ತಿಮ್ಮಾಪುರಗಳಂಥ ಊರುಗಳಲ್ಲಿ ಸೈಕಲ್ ತುಳಿಯುವವರಲ್ಲಿ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳೇ ಬಹಳ. ಅವರನ್ನು ಸೈಕಲ್ಲಿನ ಮೇಲೆ ಕೂರಿಸಿದ್ದು ಸರ್ಕಾರವೇ. 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ನೀಡುವುದನ್ನು ಕರ್ನಾಟಕ ಆರಂಭಿಸಿತು. ಅನಂತರ ಗಂಡುಮಕ್ಕಳಿಗೂ ಅದು ವಿಸ್ತರಿಸಿತು. ವರ್ಷಕ್ಕೆ ಸುಮಾರು ಐದು ಲಕ್ಷ ಮಕ್ಕಳಿಗೆ ತಲುಪುತ್ತಿದ್ದ ಯೋಜನೆ 2020-21ರಲ್ಲಿ, ಕೋವಿಡ್ ಕಾಲದಲ್ಲಿ ನಿಂತಿತು. ನಾನು ಈ ಯೋಜನೆಯ ಪಕ್ಷಪಾತಿ. ಇದೇ ಬಗೆಯ ಯೋಜನೆಯನ್ನು ಜಾರಿಗೆ ತಂದ ಬಿಹಾರದಲ್ಲಿ ಹೈಸ್ಕೂಲಿಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಊರಿನಿಂದ ಹೈಸ್ಕೂಲು ದೂರವಿದ್ದಷ್ಟೂ ಸೈಕಲ್ಲಿನ ಉಪಯೋಗ ಹೆಚ್ಚು. ಹಾಗೆಯೇ ಮಗು ರಸ್ತೆಯ ಮೇಲೆ ಕಳೆಯುವ ಹೊತ್ತೂ ಹೆಚ್ಚು.

ನಮ್ಮಲ್ಲಿ ಯೋಜನೆಯ ಕುರಿತ ಚರ್ಚೆಯೆಲ್ಲ ನಡೆದದ್ದು ಟೆಂಡರಿನ ಬಗ್ಗೆ, ತುಕ್ಕು ಹಿಡಿದ ಬಿಡಿಭಾಗಗಳ ಬಗ್ಗೆ, ಬಣ್ಣದ ಬಗ್ಗೆ ಕೂಡ. ಸವಾರಳ ವಿಮೆಯ ಮಾತು ಮುನ್ನೆಲೆಗೆ ಬರಲಿಲ್ಲ. ಸೈಕಲ್ ವಿತರಣೆಯನ್ನು ಮತ್ತೆ ಕೈಗೆತ್ತಿಕೊಳ್ಳುವಾಗ ಪ್ರತಿ ಸೈಕಲ್ಲಿನ ಜೊತೆಗೂ ಆ ಮಗುವಿನ ಹೆಸರಿನಲ್ಲಿ, ಹೈಸ್ಕೂಲಿನ ಮೂರೂ ವರ್ಷಗಳಿಗೆ, ಗುಂಪು ಅಪಘಾತ ವಿಮೆ ಇರಬೇಕು. ವಯಸ್ಕರ ಯೋಜನೆಯ 20 ರೂಪಾಯಿ ದರವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಮೂರು ತರಗತಿಗಳ ಹದಿನೈದು ಲಕ್ಷ ಮಕ್ಕಳಿಗೆ ತಗಲುವ ವಾರ್ಷಿಕ ವೆಚ್ಚ ಮೂರು ಕೋಟಿ ರೂಪಾಯಿ. ಚಿಕಿತ್ಸೆಯ ವೆಚ್ಚವನ್ನೂ ಸೇರಿಸಿ ಇದರ ಐದು ಪಟ್ಟಾದರೂ ರಾಜ್ಯದ ಬಜೆಟ್ಟಿನಲ್ಲಿ ಅದು ಕಣ್ಣಿಗೆ ಬೀಳುವ ಮೊತ್ತವಲ್ಲ.

ಇಂಥ ಪ್ರಸ್ತಾವದ ಮೇಲೆ ಆರ್ಥಿಕ ಇಲಾಖೆಯ ಟಿಪ್ಪಣಿ ಹೇಗಿರುತ್ತದೆಂದು ಕಡತಗಳ ನಡುವೆ ಆಯುಷ್ಯ ಕಳೆದ ನಾನು ಊಹಿಸಬಲ್ಲೆ. ಬಡ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದ್ದೇ ಇದೆಯಲ್ಲ, ಇನ್ನೊಂದು ಏಕೆ ಎಂದು ಕೇಳುತ್ತಾರೆ. ಅದು ಆಸ್ಪತ್ರೆಯ ಬಿಲ್ಲಿಗೆ ಮಾತ್ರ. ಕಾಲು ಊನವಾದ ಹುಡುಗಿಯ ಮುಂದಿನ ಓದಿಗೆ, ಬದುಕಿಗೆ ಅದು ಏನೂ ಕೊಡುವುದಿಲ್ಲ. ಅನುಷ್ಠಾನ ಕಷ್ಟ ಎಂಬುದು ಎರಡನೆಯ ಆಕ್ಷೇಪ. ಸೈಕಲ್ ಪಡೆದ ಪ್ರತಿ ಮಗುವಿನ ಹೆಸರೂ ಶಾಲೆಯ ದಾಖಲೆಯಲ್ಲಿ ಇದ್ದೇ ಇರುವಾಗ ಆ ಪಟ್ಟಿಯೇ ವಿಮೆಯ ಪಟ್ಟಿಯೂ ಆಗಬಹುದು. ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಎಂಬುದೊಂದು ನಮ್ಮಲ್ಲಿದೆ. ಸರ್ಕಾರಿ ಜೀಪು ಕಾರುಗಳಿಗೆ ವಿಮೆ ನೀಡುವುದೂ ಅದೇ. ತನ್ನ ಜೀಪಿಗೆ ತನ್ನದೇ ಇಲಾಖೆಯಲ್ಲಿ ವಿಮೆ ಮಾಡಿಸಬಲ್ಲ ಸರ್ಕಾರಕ್ಕೆ, ತಾನು ಸೈಕಲ್ ಕೊಟ್ಟ ಮಗುವಿಗೆ ಮಾಡಿಸುವುದು ಹೊರೆಯಾಗಲಾರದು. ಇಲಾಖೆಗೆ ಕಾನೂನಿನ ತೊಡಕಿದ್ದರೆ ಸಾರ್ವಜನಿಕ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಿಂದ ದರ ಕರೆಯಬಹುದು.

ಅಲ್ಲಿಯವರೆಗೆ ಪಾಲಕರು ಕೈಕಟ್ಟಿ ಕೂರಬೇಕಾಗಿಲ್ಲ. ವೈಯಕ್ತಿಕ ಅಪಘಾತ ವಿಮೆಯಲ್ಲಿ ತಂದೆತಾಯಿಯ ಜೊತೆ ಮಕ್ಕಳನ್ನೂ ಸೇರಿಸಿಕೊಳ್ಳುವ ಕುಟುಂಬ ಪಾಲಿಸಿಗಳಿವೆ. ಒಂದು ಶಾಲೆಯ ಮಕ್ಕಳೆಲ್ಲರಿಗೂ ಒಟ್ಟಾಗಿ ಗುಂಪು ವಿಮೆ ಮಾಡಿಸುವುದಕ್ಕೂ ಅವಕಾಶವಿದೆ. ಶಾಲಾಭಿವೃದ್ಧಿ ಸಮಿತಿಯವರು, ಊರಿನ ಸಹಕಾರಿ ಸಂಘದವರು ಮನಸ್ಸು ಮಾಡಿದರೆ ಧಾರವಾಡದ ಯಾವುದೇ ವಿಮಾ ಕಚೇರಿಯಲ್ಲಿ ದರ ವಿಚಾರಿಸಬಹುದು. ಪಾಲಿಸಿಯಲ್ಲಿ ಶಾಲೆಯ ಆವರಣದ ಒಳಗಿನ ಅಪಘಾತ ಮಾತ್ರ ಸೇರಿದೆಯೋ, ಮನೆಯಿಂದ ಶಾಲೆಗೆ ಹೋಗಿಬರುವ ದಾರಿಯೂ ಸೇರಿದೆಯೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಸವದತ್ತಿ ರಸ್ತೆಯ ಮಕ್ಕಳಿಗೆ ಬೇಕಾಗಿರುವುದು ಎರಡನೆಯದು.