ಹೊಸ ಇಂಟರ್‌ಫೇಸ್ ಕೊಳ್ಳುವ ಮುನ್ನ

ಗೋಪನಕೊಪ್ಪದ ಬಾಡಿಗೆ ಕೋಣೆಯಲ್ಲೂ ಈಗ ಲ್ಯಾಪ್‌ಟಾಪ್, ಮೈಕ್, ಆಡಿಯೊ ಇಂಟರ್‌ಫೇಸ್ ಇದ್ದರೆ ಹಾಡು, ವಾಯ್ಸ್‌ಓವರ್ ರೆಕಾರ್ಡ್ ಮಾಡಬಹುದು. ಆದರೆ ಹೆಡ್‌ಫೋನಿನಲ್ಲಿ ನಮ್ಮ ದನಿ ತಡವಾಗಿಯೋ ಒಡೆದೋ ಕೇಳಿದ ಕೂಡಲೇ ಸಾಲ ಮಾಡಿಯಾದರೂ ದುಬಾರಿ ಇಂಟರ್‌ಫೇಸ್ ಕೊಳ್ಳಲು ಹೊರಡುತ್ತೇವೆ. ಕೆಲಸ ಹುಡುಕುವವರಿಗೆ ಈ ಆತುರ ಬೇಡ.

ತಡವಾಗುವುದು ಬಹುಪಾಲು ಬಫರ್‌ನಿಂದ. 48,000 ಹರ್ಟ್ಸ್‌ನಲ್ಲಿ ಬಫರ್ 512 ಸ್ಯಾಂಪಲ್ ಇದ್ದರೆ, ದನಿ ಒಳಹೋಗಿ ಹೊರಬರಲು ಕನಿಷ್ಠ 21 ಮಿಲಿಸೆಕೆಂಡ್ ಬೇಕು. ಏಳು ಮೀಟರ್ ದೂರ ಕೂತ ತಬಲಾದವರ ಜೊತೆ ಹಾಡಿದಂತೆ! 64ಕ್ಕೆ ಇಳಿಸಿದರೆ ಬಫರ್‌ನ ಪಾಲು 3 ಮಿಲಿಸೆಕೆಂಡಿನೊಳಗೆ. ಲ್ಯಾಪ್‌ಟಾಪ್ ತಾಳದೆ ಚಟಪಟ ಸದ್ದು ಬಂದರೆ 128 ಇಡಿ, ಇಲ್ಲವೇ ಡೈರೆಕ್ಟ್ ಮಾನಿಟರಿಂಗ್ ಬಳಸಿ.

ದನಿ ಒಡೆಯಲು ಸಾಮಾನ್ಯ ಕಾರಣ ಅತಿಯಾದ ಗೇನ್. 24 ಬಿಟ್‌ನಲ್ಲಿ ಅತಿ ಗಟ್ಟಿ ದನಿಯೂ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿದ್ದರೆ ಸಾಕು. ತಡವಾದ ಟ್ರ್ಯಾಕನ್ನು ಆಮೇಲೆ ಸರಿಸಬಹುದು. ಸೊನ್ನೆ ಡೆಸಿಬಲ್ ಮುಟ್ಟಿ ಕತ್ತರಿಸಿಹೋದ ಸ್ವರ ಮೊದಲಿನಂತೆ ಮರಳುವುದಿಲ್ಲ.

ಗಂಗೂಬಾಯಿ ಹಾನಗಲ್ ಬಾಳಿದ ಊರು ನಮ್ಮ ಹುಬ್ಬಳ್ಳಿ. ಅವರ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರೇ ನಿಮಿಷ. ಆ ಮಿತಿಯಲ್ಲೇ ರಾಗ ಅರಳುತ್ತಿತ್ತು. ಇರುವ ಉಪಕರಣವನ್ನು ನಾವೂ ಮೊದಲು ಪೂರ್ತಿ ಅರಿಯೋಣ. ಆಮೇಲೂ ಸಾಲದಿದ್ದರೆ ಹೊಸದರ ಮಾತು.