ಕೊನೆಯ ಹೆಸರೂ ಪರದೆಗೆ ಬರಲಿ

ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಪಟ್ಟಿಯಾದ ಚೆಕ್‌ರೋಲಿನ ಉದ್ದ ವರ್ಷವಿಡೀ ಒಂದೇ ಇರುವುದಿಲ್ಲ. ಮಳೆಗಾಲದಲ್ಲಿ ಒಂದೆರಡು ಪುಟಕ್ಕೆ ಮುಗಿಯುವ ಪಟ್ಟಿ ಹಣ್ಣು ಕೊಯ್ಲಿನ ಹೊತ್ತಿಗೆ ಬೆಳೆಯುತ್ತದೆ. ಪುಸ್ತಕದಲ್ಲಿ ಬರೆಯುವ ರೈಟರಿಗೆ ಇದರಿಂದ ತೊಂದರೆಯಿಲ್ಲ, ಹಾಳೆ ತಿರುವಿದರಾಯಿತು. ಅದೇ ಲೆಕ್ಕ ಕಂಪ್ಯೂಟರಿಗೆ ಬಂದರೆ ಪ್ರತಿ ಆಳಿಗೂ ಹೆಸರು, ಹಾಜರಿ, ಕೊಯ್ದ ಕಿಲೋ, ಮುಂಗಡ ಎಂದು ನಾಲ್ಕು ಖಾನೆ ಬೇಕು. ಅಗ್ಗದ ಲ್ಯಾಪ್‌ಟಾಪುಗಳ 1366×768 ಪಿಕ್ಸೆಲ್ ಪರದೆಯಲ್ಲಿ, ಒತ್ತಕ್ಷರ ಕತ್ತರಿಸಿಹೋಗದಂತೆ ಸಾಲಿಗೆ 36 ಪಿಕ್ಸೆಲ್ ಕೊಟ್ಟರೆ ಹಿಡಿಯುವುದು ಹೆಚ್ಚೆಂದರೆ 21 ಸಾಲು. ಅಕ್ಷರ ದೊಡ್ಡದಾಗಿ ಕಾಣಲೆಂದು ವಿಂಡೋಸ್‌ನ ಅಳತೆಯನ್ನು 125%ಗೆ ಏರಿಸಿದರೆ ಅದು 17ಕ್ಕೆ ಇಳಿಯುತ್ತದೆ. ಉಳಿದ ಹೆಸರುಗಳು, ಅವುಗಳ ಜೊತೆಗೆ ‘ಉಳಿಸು’ ಗುಂಡಿಯೂ, ಪರದೆಯ ಕೆಳಗೆ ಮರೆಯಾಗುತ್ತವೆ. ಎಷ್ಟು ಸಾಲು ಬೇಕೆಂದು ಕೆಲಸವೇ ತೀರ್ಮಾನಿಸುವ ಕಡೆಯಲ್ಲೆಲ್ಲ, ಸ್ಕ್ರಾಲ್ ಸೌಲಭ್ಯ ಮೊದಲ ದಿನದ ವಿನ್ಯಾಸದಲ್ಲೇ ಇರಬೇಕು.

ಈ ಮಾತು ತೋಟದ ಲೆಕ್ಕಕ್ಕಷ್ಟೇ ಅಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಹಕ್ಕು ಮತ್ತು ಋಣಗಳು. ಒಂದು ಸರ್ವೆ ನಂಬರಿನಲ್ಲಿ ಒಬ್ಬರೇ ಇರಬಹುದು. ಪಾಲಾಗದ ಜಮೀನಾದರೆ ಅಜ್ಜನ ಮಕ್ಕಳು, ಮೊಮ್ಮಕ್ಕಳೆಲ್ಲ ಜಂಟಿಯಾಗಿರಬಹುದು. ಇಂಥ ವಿವರ ತುಂಬುವ ಕಿಟಕಿಗೆ ಹತ್ತು ಹೆಸರು ಸಾಕೆಂದು ತಂತ್ರಾಂಶ ಬರೆಯುವವರು ಊಹಿಸಿದರೆ, ಆ ಊಹೆಯ ಬೆಲೆ ತೆರುವವರು ಹನ್ನೊಂದನೆಯ ಹಕ್ಕುದಾರರು.

ಸ್ಕ್ರಾಲ್ ಮತ್ತೆ ಮತ್ತೆ ಮರೆತುಹೋಗುವುದಕ್ಕೆ ಕಿಟಕಿ ಕಟ್ಟುವ ಸಲಕರಣೆಗಳೂ ಕಾರಣ. ಪೈಥಾನ್ ಕಲಿಯುವವರಲ್ಲಿ ಹಲವರು ಮೊದಲು ಕೈಹಾಕುವ ಟಿಕಿಂಟರ್‌ನಲ್ಲಿ, ಖಾನೆಗಳನ್ನು ಜೋಡಿಸುವ ಫ್ರೇಮಿಗೆ ತಾನಾಗಿ ಸ್ಕ್ರಾಲ್ ಆಗುವ ಶಕ್ತಿಯಿಲ್ಲ. ಚಿತ್ರ ಬರೆಯಲೆಂದು ಇರುವ ಕ್ಯಾನ್ವಾಸಿನೊಳಗೆ ಫ್ರೇಮನ್ನು ಕೂರಿಸಿ, ಕ್ಯಾನ್ವಾಸಿಗೆ ಸ್ಕ್ರಾಲ್‌ಬಾರ್ ಕಟ್ಟಿ, ಸಾಲು ಹೆಚ್ಚಿದಾಗಲೆಲ್ಲ ಸ್ಕ್ರಾಲಿನ ವ್ಯಾಪ್ತಿಯನ್ನು ಹೊಸದಾಗಿ ತಿಳಿಸಬೇಕು. ಮೌಸಿನ ಚಕ್ರಕ್ಕೂ ಬೇರೆ ಏರ್ಪಾಡು ಬೇಕು. ಟ್ಯಾಬ್ ಕೀಲಿ ಒತ್ತುತ್ತಾ ಕೆಳಗಿನ ಖಾನೆಗೆ ಹೋದರೆ ಕಿಟಕಿ ತಾನಾಗಿ ಹಿಂಬಾಲಿಸುವುದಿಲ್ಲ. ಟೈಪಿಸುವವರಿಗೆ ತಾವೆಲ್ಲಿದ್ದೇವೆಂದೇ ಕಾಣದು. ಕ್ಯೂಟಿ ಬಳಸುವವರಿಗೆ ಸ್ಕ್ರಾಲ್ ಏರಿಯಾ ಸಿದ್ಧವಾಗಿಯೇ ಸಿಗುತ್ತದೆ, ವಿಂಡೋಸ್ ಫಾರ್ಮ್ಸ್‌ನಲ್ಲಿ ಆಟೋಸ್ಕ್ರಾಲ್ ಎಂಬ ಒಂದು ಗುಣವನ್ನು ಚಾಲೂ ಮಾಡಿದರೆ ಸಾಕು. ಎಲ್ಲಿ ಕಷ್ಟವೋ ಅಲ್ಲಿ ಆಮೇಲೆ ನೋಡೋಣ ಎನ್ನುವುದು ಸಹಜ. ಆದರೆ ಹಾಗೆ ಮುಂದೂಡಿದರೆ ಕಟ್ಟಿದ ಕಿಟಕಿಯನ್ನು ಬಿಚ್ಚಿ ಮತ್ತೊಂದರೊಳಗೆ ಕೂರಿಸುವ ಇಮ್ಮಡಿ ಕೆಲಸ ಬೀಳುತ್ತದೆ.

ಉದ್ದದ ಕಿಟಕಿಯೇ ತಪ್ಪು, ಅದನ್ನು ಹಲವು ಪುಟಗಳಾಗಿ ಒಡೆಯಿರಿ ಎನ್ನುವವರಿದ್ದಾರೆ. ವಿಳಾಸ, ಬ್ಯಾಂಕ್ ಖಾತೆ, ಕುಟುಂಬದ ವಿವರದಂಥ ಬೇರೆ ಬೇರೆ ವಿಷಯಗಳಿಗೆ ಅದು ಸರಿಯಾದ ದಾರಿ. ಆದರೆ ಬಟವಾಡೆಯ ಮುನ್ನ ಒಂದೇ ಪಟ್ಟಿಯ ಹಾಜರಿ ಮತ್ತು ಮುಂಗಡವನ್ನು ಮೇಲಿಂದ ಕೆಳಗೆ ತಾಳೆ ನೋಡುವವರಿಗೆ ಪುಟಗಳು ಅಡ್ಡಿಯೇ. ಸ್ಕ್ರಾಲ್ ಇದ್ದರೆ ಕೆಳಗಿನದು ಕಣ್ತಪ್ಪುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಉತ್ತರ, ಎಲ್ಲವನ್ನೂ ಸ್ಕ್ರಾಲ್ ಮಾಡದಿರುವುದು: ಕಾಲಂ ತಲೆಬರಹ, ಒಟ್ಟು ಆಳುಗಳ ಸಂಖ್ಯೆ, ಉಳಿಸುವ ಗುಂಡಿ ಹೊರಗೆ ಸ್ಥಿರವಾಗಿರಲಿ, ಹೆಸರುಗಳು ಮಾತ್ರ ಜರುಗಲಿ. ಸಾಲುಗಳು ಸಾವಿರ ದಾಟಿದರೆ ಸಾವಿರಾರು ಖಾನೆಗಳ ಭಾರಕ್ಕೆ ತಂತ್ರಾಂಶ ನಿಧಾನವಾಗುವುದೂ ನಿಜ. ಆಗ ಕಣ್ಣಿಗೆ ಬೀಳುವ ಸಾಲುಗಳನ್ನಷ್ಟೇ ಬಿಡಿಸುವ ಕೋಷ್ಟಕಕ್ಕೆ ಹೋಗಬೇಕು. ಅದಕ್ಕೂ ಸ್ಕ್ರಾಲ್ ಬೇಕೇ ಬೇಕು.

ದೊಡ್ಡ ಪರದೆ ಕೊಂಡರೆ ಮುಗಿಯಿತಲ್ಲ ಎಂಬ ಮಾತು ಮಾತ್ರ ಒಪ್ಪುವಂಥದ್ದಲ್ಲ. ಬರೆಯುವವರು ಒಮ್ಮೆ ಮಾಡಬೇಕಾದ ಕೆಲಸದ ಖರ್ಚನ್ನು ಬಳಸುವ ಪ್ರತಿಯೊಬ್ಬರ ಮೇಲೂ ಹೇರುವ ಸಲಹೆ ಅದು. ಪಟ್ಟಿ ಇನ್ನಷ್ಟು ಬೆಳೆದರೆ ಆ ಪರದೆಯೂ ಸಾಲದು. ತಂತ್ರಾಂಶ ಬರೆಸುವ ಕಚೇರಿಗಳು, ತೋಟಗಳು, ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಅಂಕ ಕೊಡುವ ಕಾಲೇಜುಗಳು ಒಂದು ಸಣ್ಣ ಪರೀಕ್ಷೆ ಇಡಲಿ. ಅತಿ ಚಿಕ್ಕ ಪರದೆಯಲ್ಲಿ ನೂರು ಕನ್ನಡ ಹೆಸರು ತುಂಬಿ, ನೂರನೆಯದನ್ನು ಮೌಸ್ ಮುಟ್ಟದೆ ತಿದ್ದಿ ಉಳಿಸಲಾಗುತ್ತದೆಯೇ ನೋಡಲಿ. ಆಗದಿದ್ದರೆ ಆ ತಂತ್ರಾಂಶಕ್ಕೆ ಹಣವನ್ನೂ ಅಂಕವನ್ನೂ ತಡೆಹಿಡಿಯುವುದು ನ್ಯಾಯ.